ಶನಿವಾರ ಸಂಜೆಯ ಬಾಂಡ್ಲಿ

ಲಿಖಿತಾ, ಧನುಷ್, ನಾನು ಬೆಂಗಳೂರಿಗೆ ಬಂದ ಮಾರನೆಯ ದಿನವೇ ನನ್ನ ಪಾತ್ರೆಗಳು ನಡೆಯಲು ಶುರುಮಾಡಿದವು.

ಕಥೆ ಕಟ್ಟುತ್ತಿಲ್ಲ. ಟಿ. ದಾಸರಹಳ್ಳಿಯ ವಠಾರದಲ್ಲಿ ನಿಮ್ಮಮ್ಮ ನಮಗಾಗಿ ಹಿಡಿದಿಟ್ಟಿದ್ದ ಒಂದೇ ಕೋಣೆಯ ಮನೆ ಅದು. ಊರಿಂದ ತಂದಿದ್ದ ಹಿತ್ತಾಳೆ ಚೊಂಬು, ಹಿಟ್ಟಿನ ಡಬ್ಬ, ಉಪ್ಪಿನಕಾಯಿ ಭರಣಿ ಎಲ್ಲವನ್ನೂ ಕಡಪ ಕಲ್ಲಿನ ಗೂಡಿನ ಮೇಲೆ ಸಾಲಾಗಿ ಜೋಡಿಸಿದ್ದೆ. ನಿಮ್ಮಮ್ಮನೂ ತಾತನೂ ಕೆಲಸಕ್ಕೆ ಹೋಗಿದ್ದರು. ಎಂಟು ಗಂಟೆಗೆ ಗೋಡೆಯ ಒಳಗಿಂದ ಧಡ್, ಧಡ್ ಎಂದು ಸದ್ದು ಶುರುವಾಯಿತು. ಒಂದೊಂದು ಸದ್ದಿಗೂ ಚೊಂಬು ಎಳ್ಳುಕಾಳಿನಷ್ಟು ಮುಂದಕ್ಕೆ ಸರಿಯುತ್ತಿತ್ತು. ಹತ್ತು ಗಂಟೆಯ ಹೊತ್ತಿಗೆ ಭರಣಿ ಅಂಚಿಗೆ ಬಂತು. ಹಿಂದಕ್ಕೆ ತಳ್ಳಿದೆ. ಅಷ್ಟರಲ್ಲಿ ಡಬ್ಬ ಬಂತು. ಗೋಡೆಗೆ ಮುಖ ಮಾಡಿ ಎರಡೂ ಕೈ ಚಾಚಿಕೊಂಡು ಮಧ್ಯಾಹ್ನದವರೆಗೂ ಹಾಗೇ ನಿಂತಿದ್ದೆ. ಅಕ್ಕಪಕ್ಕದಲ್ಲಿ ಐದು ಬಾಗಿಲುಗಳಿದ್ದವು. ಒಂದನ್ನು ತಟ್ಟಿ ಏನಿದು ಎಂದು ಕೇಳಲು ನನಗೆ ಬಾಯಿ ಬರಲಿಲ್ಲ. ಬಾಯಾರಿ ನೀರಿಗೆಂದು ಆ ಕಡೆ ತಿರುಗಿದೆ. ಭರಣಿ ಬಿದ್ದು ಚೂರಾಯಿತು.

ಸಂಜೆ ಪಕ್ಕದ ಕೋಣೆಯ ರಾಮಾಂಜಿ ಬಂದ. ನಮ್ಮ ಗೋಡೆಯ ಹಿಂದೆ ಒಂದು ಶೆಡ್ಡು, ಅದರಲ್ಲಿ ಪವರ್ ಪ್ರೆಸ್ಸು. ತಗಡನ್ನು ಒಂದೇ ಏಟಿಗೆ ಅಚ್ಚು ಒತ್ತುವ ಯಂತ್ರ ಅದು. ಅದನ್ನು ಓಡಿಸುತ್ತಿದ್ದವನೇ ಅವನು.

"ಅಕ್ಕಾ, ನಿಮ್ ಭರಣಿ ಒಡೆದೋನು ನಾನೇ ಕಣಕ್ಕ," ಎಂದು ನಕ್ಕು, ಗೂಡಿನ ಅಂಚಿಗೆ ಎರಡು ಬೆರಳಗಲ ತಗಡಿನ ಪಟ್ಟಿ ಕೂರಿಸಿಕೊಟ್ಟ. ಮತ್ತೆ ಯಾವ ಪಾತ್ರೆಯೂ ಬೀಳಲಿಲ್ಲ. ಹೋಗುವಾಗ ಹೇಳಿದ: "ಒಂದ್ ಮಾತು ಹೇಳಿದ್ರೆ ಮಧ್ಯಾನನೇ ಬಂದು ಹೊಡ್ಕೊಡ್ತಿದ್ನಲ್ಲಕ್ಕ. ಹೇಳೋದಲ್ವಾ?"

ಹೇಳೋದಲ್ವಾ. ಈ ಊರಿಗೆ ಬಂದು ಹತ್ತೊಂಬತ್ತು ವರ್ಷದಲ್ಲಿ ನಾನು ಅತಿ ಹೆಚ್ಚು ಕೇಳಿದ ಮಾತು ಇದು. ನನಗೆ ಅತಿ ಹೆಚ್ಚು ಸಿಟ್ಟು ತರಿಸಿದ ಮಾತೂ ಇದೇ.

ಮಳೆ ಬಂದಾಗಲೆಲ್ಲ ನೀವಿಬ್ಬರೂ ಕೇಳುತ್ತೀರಿ, "ಅಜ್ಜಿ, ಹಾಲ್ ನಡುಮಧ್ಯೆ ಯಾಕೆ ಬಕೆಟ್ ಇಡ್ತೀಯ?" ಎಂದು. ತಾರಸಿ ಹಳೆಯದಾಯಿತು ಎಂದು ಹೇಳಿ ತಪ್ಪಿಸಿಕೊಂಡಿದ್ದೇನೆ. ಅದು ಸುಳ್ಳು. ತಾರಸಿಗೆ ಹತ್ತೇ ವರ್ಷ. ನಿಜವನ್ನು ಎದುರು ಕೂತು ಹೇಳಲು ನಾಚಿಕೆ. ನಮ್ಮೂರು ಕೊಪ್ಪಲಿನ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದವಳು ನಾನು. ಮಾತಿಗಿಂತ ಬರವಣಿಗೆ ನನಗೆ ಸಲೀಸು. ನಿಮಗೆ ಕನ್ನಡ ಓದುವುದು ನಿಧಾನ ಎಂದು ಗೊತ್ತು. ನಿಧಾನವಾಗಿಯೇ ಓದಿ.

ನಿಮ್ಮ ತಾತನ ಹೆಸರು ಮರಿಯಪ್ಪ. ಈ ಹೆಸರನ್ನು ನಾನು ಇದುವರೆಗೆ ಬಾಯಲ್ಲಿ ಆಡಿದವಳಲ್ಲ, ಬರೆಯುತ್ತಿರುವುದು ಇದೇ ಮೊದಲು. ಮಂಡ್ಯದ ಕಡೆ ನಮ್ಮ ಕೊಪ್ಪಲಿನಲ್ಲಿ ಅವರು ಆಲೆಮನೆಯ ಪಾಕದವರು. ಕಬ್ಬಿನ ಹಾಲನ್ನು ದೊಡ್ಡ ಕೊಪ್ಪರಿಗೆಯಲ್ಲಿ ಕುದಿಸಿ ಬೆಲ್ಲ ಮಾಡುವ ಜಾಗಕ್ಕೆ ಆಲೆಮನೆ ಎನ್ನುತ್ತಾರೆ. ಯಾವ ಗಳಿಗೆಯಲ್ಲಿ ಕೊಪ್ಪರಿಗೆ ಇಳಿಸಬೇಕು ಎಂದು ಹೇಳುವವರು ಪಾಕದವರು. ಒಂದು ಗಳಿಗೆ ಮೊದಲಾದರೆ ಬೆಲ್ಲ ಅಂಟು, ಒಂದು ಗಳಿಗೆ ತಡವಾದರೆ ಸೀದು ಕಹಿ. ಮೂವತ್ತು ವರ್ಷ ಅವರು ಆ ಗಳಿಗೆ ತಪ್ಪಲಿಲ್ಲ. ಆಮೇಲೆ ಸುತ್ತಲ ಕಬ್ಬೆಲ್ಲ ಲಾರಿ ಹತ್ತಿ ಸಕ್ಕರೆ ಕಾರ್ಖಾನೆಗೆ ಹೋಗತೊಡಗಿತು. ಆಲೆಮನೆಯ ಯಜಮಾನರು ಕೊಪ್ಪರಿಗೆಯನ್ನು ಗುಜರಿಗೆ ಹಾಕಿದರು. ಐವತ್ತರ ಹತ್ತಿರ ಬಂದಿದ್ದ ಗಂಡಸಿಗೆ ಕೈಯಲ್ಲಿ ಕೆಲಸವಿಲ್ಲ.

ನಿಮ್ಮಮ್ಮ ಸುಮಿತ್ರಾ ಆಗಲೇ ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಕಾಲರ್ ಹೊಲಿಯುತ್ತಿದ್ದಳು. ವಯಸ್ಸು ಹತ್ತೊಂಬತ್ತು. ನಮ್ಮ ಮನೆಯಲ್ಲಿ ಮಗಳು ಮೊದಲು ಊರು ಬಿಟ್ಟಳು, ಅಪ್ಪ ಅಮ್ಮ ಅವಳ ಹಿಂದೆ ಬಂದೆವು. ಅದಕ್ಕೆ ಊರಿನಲ್ಲಿ ಆಡಿಕೊಂಡವರಿದ್ದರು. ತಾತನಿಗೆ ಕೆಲಸ ಹುಡುಕಿದವಳೂ ಅವಳೇ. ಕಬ್ಬಿಣದ ಬಿಡಿಭಾಗಗಳನ್ನು ಕುಲುಮೆಯಲ್ಲಿ ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದುವ ಒಂದು ಸಣ್ಣ ಶೆಡ್ಡು. ಮೊದಲ ವಾರವೇ ಅಲ್ಲಿನ ಮೇಸ್ತ್ರಿಗೆ ಇವರು ಹೇಳಿದ್ದು: "ಇನ್ನೊಸಿ ಬುಡಿ ಸಾಮಿ. ಅಲಸಿನ ತೊಳೆ ಬಣ್ಣ ಬರ್ಲಿ." ಮೇಸ್ತ್ರಿ ಮೀಟರು ನೋಡಿದ. ಸರಿಯಾಗಿತ್ತು. ಆಮೇಲೆ ಹದಿನಾರು ವರ್ಷ ಅವರನ್ನು ಆ ಬೆಂಕಿಯ ಮುಂದಿನಿಂದ ಯಾರೂ ಏಳಿಸಲಿಲ್ಲ.

ಅವರು ಅಲ್ಲಿ ಬೆಂಕಿ ಬಿಟ್ಟು ಇಲ್ಲಿ ಬೆಂಕಿ ಹಿಡಿದರು. ನಾನು ಏನು ಹಿಡಿಯಲಿ? ಊರಿನಲ್ಲಿ ಬಾಗಿಲು ಎಂಬುದು ನಾಯಿ ಬರದಂತೆ ಎಳೆದುಕೊಳ್ಳುವ ವಸ್ತು. ಇಲ್ಲಿ ಎಲ್ಲರೂ ಒಳಗಿನಿಂದ ಚಿಲಕ ಹಾಕಿಕೊಂಡಿರುತ್ತಾರೆ. ಊರಿನಲ್ಲಿ ಬಾವಿಗೆ ಹೋದರೆ ನೀರು, ಇಲ್ಲಿ ಎರಡು ದಿನಕ್ಕೊಮ್ಮೆ ನಲ್ಲಿ. ಅಂಗಡಿಯ ಬೆಲ್ಲ ಹಳದಿ ಬಣ್ಣ, ತಾತ ಮೂಸಿ ನೋಡಿ ಕೆಳಗಿಟ್ಟು ಬರುತ್ತಿದ್ದರು. ಹಾಗಾಗಿ ಎಷ್ಟೋ ತಿಂಗಳು ನಮ್ಮ ಮನೆಯಲ್ಲಿ ಸಿಹಿಯೇ ಇರಲಿಲ್ಲ. ವಠಾರದ ಮಾತುಗಳು ಮೂರು ನಾಲ್ಕು ಭಾಷೆಯವು. ಕನ್ನಡವೂ ಓಟದ ಕನ್ನಡ. ನಾನು ಒಂದು ಮಾತಿಗೆ ಉತ್ತರ ಯೋಚಿಸುವಷ್ಟರಲ್ಲಿ ಕೇಳಿದವರು ಮೆಟ್ಟಿಲು ಇಳಿದಿರುತ್ತಿದ್ದರು.

ಮನೆಯ ಓನರು ಮುನಿಯಮ್ಮ. ಆ ವಠಾರ ನಿಂತಿದ್ದ ಜಾಗದಲ್ಲಿ ಹಿಂದೆ ಅವಳೇ ಸೊಪ್ಪು ಬೆಳೆದು ಮಾರುತ್ತಿದ್ದಳಂತೆ. ಒಂದು ದಿನ ನಲ್ಲಿಯ ಸಾಲಿನಲ್ಲಿ ನನ್ನನ್ನು ದಾಟಿ ಮೂವರು ಬಿಂದಿಗೆ ತುಂಬಿಕೊಂಡು ಹೋದರು. ಸುಮ್ಮನೆ ನಿಂತಿದ್ದೆ. ಮೇಲಿಂದ ನೋಡುತ್ತಿದ್ದ ಮುನಿಯಮ್ಮ ಕೂಗಿದಳು:

"ಏನಮ್ಮಾ, ಬಾಯಲ್ಲಿ ಕಡುಬು ಇಟ್ಕೊಂಡಿದ್ದೀಯಾ? ನನ್ ಸರದಿ ಅಂತ ಕೂಗು! ಈ ಊರಲ್ಲಿ ಸುಮ್ನಿದ್ದೋರ್ನ ನಲ್ಲಿನೂ ಮಾತಾಡ್ಸಲ್ಲ."

ಎಲ್ಲರೂ ನಕ್ಕರು. ನಾನು ಖಾಲಿ ಬಿಂದಿಗೆ ಎತ್ತಿಕೊಂಡು ಒಳಗೆ ಬಂದು ಅತ್ತೆ. ಆದರೆ ಮುಂದಿನ ಸಲ "ಸರದಿ ನಂದು" ಎಂದೆ. ಧ್ವನಿ ಎಷ್ಟು ಸಣ್ಣಗಿತ್ತೆಂದರೆ ಎರಡು ಸಲ ಹೇಳಬೇಕಾಯಿತು. ಅದು ನನ್ನ ಮೊದಲ ಗೆಲುವು. ಒಂದು ಬಿಂದಿಗೆ ನೀರು.

ಸಂಜೆ ಹೆಮ್ಮೆಯಿಂದ ತಾತನಿಗೆ ಹೇಳಿದೆ. ಅವರ ಮುಖ ಸಣ್ಣದಾಯಿತು. "ನೀರ್ಗೂ ಬಾಯ್ಬುಡಬೇಕಾ ಇಲ್ಲಿ?" ಎಂದರು.

ನಿಮ್ಮ ತಾತ ಯಾರನ್ನೂ ಏನನ್ನೂ ಕೇಳಿದವರಲ್ಲ. ಇದನ್ನು ನೀವು ದೊಡ್ಡ ಗುಣ ಎಂದುಕೊಳ್ಳಬಹುದು. ಜೊತೆಯಲ್ಲಿ ಬಾಳಿದವಳಿಗೆ ಅದು ಬೇರೆ ಥರ ಕಾಣುತ್ತದೆ. ಮನೆಯಲ್ಲಿ ಕಾಫಿ ಬೇಕಾದರೂ ಕೇಳುತ್ತಿರಲಿಲ್ಲ, ಖಾಲಿ ಲೋಟವನ್ನು ತಂದು ಒಲೆಯ ಪಕ್ಕ ಇಟ್ಟು ಹೋಗುತ್ತಿದ್ದರು. ನಾನು ನೋಡಿ ಅರ್ಥ ಮಾಡಿಕೊಳ್ಳಬೇಕು. ನೋಡದಿದ್ದರೆ ಆ ದಿನ ಕಾಫಿ ಇಲ್ಲ.

ಇದು ಅವರ ಸ್ವಭಾವ ಮಾತ್ರವಲ್ಲ, ನಮ್ಮ ಕೊಪ್ಪಲಿನ ಪದ್ಧತಿಯೇ ಹಾಗೆ. ಅಲ್ಲಿ ಮುಯ್ಯಾಳು ಎಂದು ಒಂದು ರೂಢಿ. ಇವತ್ತು ನಾನು ನಿನ್ನ ಗದ್ದೆಯಲ್ಲಿ ಕಬ್ಬು ಕಡಿದರೆ ನಿನ್ನ ಮನೆಯವರು ನಾಳೆ ನನ್ನ ಗದ್ದೆಗೆ ಬಂದು ಕಡಿಯುತ್ತಾರೆ, ಕೂಲಿಯಿಲ್ಲ. ಕರೆಯುವಂತೆಯೂ ಇಲ್ಲ. ಯಾರ ಗದ್ದೆಯ ಕಬ್ಬು ಬಲಿತಿದೆ ಎಂದು ಕಣ್ಣಿಗೇ ಕಾಣುತ್ತದಲ್ಲ. ಬರುವವರು ಹಿಂದಿನ ಸಂಜೆ ತಮ್ಮ ಮಚ್ಚನ್ನು ತಂದು ಆ ಮನೆಯ ಜಗಲಿಯ ಮೇಲೆ ಇಟ್ಟು, ಒಳಗೂ ಬಾರದೆ ಹೋಗುತ್ತಾರೆ. ಬೆಳಗಾದರೆ ಮಚ್ಚು ಇಲ್ಲಿದೆ, ಮಚ್ಚಿನವನು ಬಂದೇ ಬರುತ್ತಾನೆ. ಜಗಲಿಯ ಮೇಲೆ ಎಷ್ಟು ಮಚ್ಚು ಇವೆಯೋ ನೋಡಿ ಹೆಂಗಸರು ಅಷ್ಟು ಜನಕ್ಕೆ ಅಕ್ಕಿ ನೆನೆಹಾಕುತ್ತಾರೆ. ಬಾಯಿ ಬಿಟ್ಟು ಕರೆದರೆ ಅದು ಅವಮಾನ. ಮರೆತೆಯಾ ಎಂದು ಹಂಗಿಸಿದ ಹಾಗೆ.

ತಾತ ಈ ಪದ್ಧತಿಯನ್ನು ಕಟ್ಟಿಕೊಂಡು ಬೆಂಗಳೂರಿಗೆ ಬಂದರು.

ಐದಾರು ವರ್ಷವಾದ ಮೇಲೆ ಮಾಕಳಿಯ ಆಚೆ ಒಂದು ಹೊಸ ಲೇಔಟಿನಲ್ಲಿ ವಠಾರದ ಕೆಲವರು ಸಣ್ಣ ಸಣ್ಣ ಸೈಟು ತೆಗೆದುಕೊಂಡೆವು. ರಾಮಾಂಜಿ ತೆಗೆದುಕೊಂಡ, ಗಾರ್ಮೆಂಟ್ಸ್‌ನಲ್ಲಿ ನಿಮ್ಮಮ್ಮನ ಪಕ್ಕದ ಮಿಶಿನ್ನಿನ ಸೆಲ್ವಿ ತೆಗೆದುಕೊಂಡಳು, ನಾವೂ ತೆಗೆದುಕೊಂಡೆವು. ಮೊದಲು ಎಲ್ಲರದೂ ಶೀಟಿನ ಮನೆ. ಆಮೇಲೆ ಒಬ್ಬೊಬ್ಬರಾಗಿ ಮೋಲ್ಡ್ ಹಾಕಿಸತೊಡಗಿದರು. ಮೋಲ್ಡ್ ಎಂದರೆ ಹಲಗೆ, ಕಂಬ ನಿಲ್ಲಿಸಿ ಸೆಂಟ್ರಿಂಗ್ ಮಾಡಿ ಅದರ ಮೇಲೆ ಕಾಂಕ್ರೀಟು ಸುರಿದು ತಾರಸಿ ಮಾಡುವುದು. ಶುರುಮಾಡಿದ ಮೇಲೆ ನಿಲ್ಲಿಸುವಂತಿಲ್ಲ, ಒಂದೇ ದಿನದಲ್ಲಿ ಈ ಕೊನೆಯಿಂದ ಆ ಕೊನೆಗೆ ಮುಟ್ಟಬೇಕು. ಅದಕ್ಕೆ ಕೈಗಳು ಬೇಕು. ಹೆಣ್ಣು ಗಂಡು ಸಾಲಾಗಿ ನಿಂತು ಕಾಂಕ್ರೀಟು ತುಂಬಿದ ಕಬ್ಬಿಣದ ಬಾಂಡ್ಲಿಯನ್ನು ಕೈಯಿಂದ ಕೈಗೆ ದಾಟಿಸುವ ಕೆಲಸ.

ತಾತನಿಗೆ ಇದು ಕಬ್ಬು ಕಡಿದ ಹಾಗೇ ಕಂಡಿತು. ಮೊದಲ ಮೋಲ್ಡ್ ರಾಮಾಂಜಿಯದು. "ಬಾನುವಾರ ಎಲ್ರೂ ಓಗುವ. ಇವತ್ತು ಅವಂದು, ನಾಳೆ ನಿಮ್ದು," ಎಂದು ನಾಲ್ಕು ಜನರಿಗೆ ಹೇಳಿದರು. ಜನಕ್ಕೂ ಹಿಡಿಸಿತು. ತಾತ ಆರು ದಿನ ಬೆಂಕಿಯ ಮುಂದೆ ನಿಂತು, ಏಳನೆಯ ದಿನ ಪರರ ಮನೆಯ ಜಲ್ಲಿ ಹೊತ್ತರು. ಕಾಂಕ್ರೀಟಿಗೂ ಪಾಕವಿದೆ ಎನ್ನುತ್ತಿದ್ದರು. ಕಡ್ಡಿಯಲ್ಲಿ ಎತ್ತಿ ನೋಡಿ, "ನೀರು ಜಾಸ್ತಿ ಆಯ್ತು ಕನ, ಪಾಕ ಬುಟ್ಟೋಯ್ತದೆ," ಎಂದು ಮಿಶಿನ್ನಿನವನಿಗೆ ಗದರುತ್ತಿದ್ದರು. ಅವರು ನೋಡಿದ ಯಾವ ತಾರಸಿಯೂ ಇವತ್ತಿಗೂ ಸೋರಿಲ್ಲ. ನಮ್ಮದೊಂದು ಬಿಟ್ಟು.

ಪ್ರತಿ ಶನಿವಾರ ಸಂಜೆ ಅವರು ತಮ್ಮ ಬಾಂಡ್ಲಿಯನ್ನು ತೊಳೆದು, ಮಾರನೆಯ ದಿನ ಯಾರ ಮೋಲ್ಡೋ ಅವರ ಬಾಗಿಲಲ್ಲಿ ಬೋರಲು ಹಾಕಿ ಬರುತ್ತಿದ್ದರು. ಮಚ್ಚಿನ ಬದಲು ಬಾಂಡ್ಲಿ. ನನಗೆ ಅರ್ಥವಾಗುತ್ತಿತ್ತು. ಬೇರೆ ಯಾರಿಗೆ ಅರ್ಥವಾಗಬೇಕು? ಒಂದು ಸಲ ಸೆಲ್ವಿ ಅದನ್ನು ಉಜ್ಜಿ ಬೆಳಗಿ ತಂದುಕೊಟ್ಟಳು: "ಅಕ್ಕಾ, ಅಣ್ಣ ಬಾಂಡ್ಲಿ ಮರ್ತು ಬಿಟ್ಟು ಹೋಗ್ಬಿಟ್ರು." ರಾಮಾಂಜಿಯಂತೂ, "ಏನ್ ಮರಿಯಣ್ಣ, ಬಾಂಡ್ಲಿನ ಊರೆಲ್ಲಾ ವಾಕಿಂಗ್ ಕಳಿಸ್ತೀರ?" ಎಂದು ತಮಾಷೆ ಮಾಡುತ್ತಿದ್ದ. ತಾತ ನಕ್ಕು ಸುಮ್ಮನಾಗುತ್ತಿದ್ದರು. ನಾನೂ ನಗುತ್ತಿದ್ದೆ. ಆಗ ಒಂದು ಮಾತು ಬಿಡಿಸಿ ಹೇಳಿದ್ದರೆ ಮುಂದಿನದು ಯಾವುದೂ ಆಗುತ್ತಿರಲಿಲ್ಲ. ಅವರು ಹೇಳಲಿಲ್ಲ ಎಂಬ ಸಿಟ್ಟು ಒಂದು, ನಾನೂ ಹೇಳಲಿಲ್ಲ ಎಂಬ ಸಿಟ್ಟು ಇನ್ನೊಂದು. ಎರಡನೆಯದು ಇನ್ನೂ ಆರಿಲ್ಲ.

ನಮ್ಮ ಸರದಿಯನ್ನು ಅವರು ಮುಂದಕ್ಕೆ ತಳ್ಳುತ್ತಲೇ ಹೋದರು. ಸಣ್ಣ ಮಕ್ಕಳಿರುವ ಮನೆ ಮೊದಲು, ಮುದುಕರಿರುವ ಮನೆ ಮೊದಲು ಎಂದು. ಬೇಸಿಗೆಯಲ್ಲಿ ಶೀಟಿನ ಕೆಳಗೆ ನಾನು ರೊಟ್ಟಿಯ ಹಾಗೆ ಬೇಯುತ್ತಿದ್ದೆ. ಕೊನೆಗೆ ನಿಮ್ಮಮ್ಮನ ಮದುವೆಯಾಗಿ, ಲಿಖಿತಾ, ನೀನು ಹೊಟ್ಟೆಯಲ್ಲಿ ಐದು ತಿಂಗಳಿದ್ದಾಗ ನಾನು ಹಟ ಹಿಡಿದೆ. ಬಾಣಂತಿಯನ್ನು ಶೀಟಿನ ಕೆಳಗೆ ಮಲಗಿಸುವುದಿಲ್ಲ ಎಂದೆ. ಅಂಗಳದಲ್ಲಿ ಶೀಟಿನ ಮರೆ ಕಟ್ಟಿಕೊಂಡು ಅದರಲ್ಲಿದ್ದೆವು. ಸೆಂಟ್ರಿಂಗ್ ನಿಂತಿತು. ಕಂಬಿ ಕಟ್ಟಿದ್ದಾಯಿತು. ಭಾನುವಾರಕ್ಕೆ ಮಿಕ್ಸರ್ ಗೊತ್ತುಮಾಡಿದರು.

"ಎಲ್ಲರಿಗೂ ಹೇಳಿದ್ರಾ?" ಎಂದು ಗುರುವಾರ ಕೇಳಿದೆ.

"ಏಳೋದೇನು? ಸೆಂಟ್ರಿಂಗು ಕಣ್ಗ್ ಕಾಣಾಕಿಲ್ವಾ?"

"ಇದು ಕೊಪ್ಪಲಲ್ಲ. ಜನಕ್ಕೆ ತಲೆಯೆತ್ತಿ ನೋಡಕ್ಕೂ ಟೈಮಿಲ್ಲ. ಒಂದು ಮಾತು ಹೇಳಿ."

"ಮುಯ್ಯ ಕೇಳಬಾರದು ಕನಮ್ಮಿ. ನೀನು ನಲ್ವತ್ತು ಜನಕ್ಕೆ ಅಡುಗೆ ಮಾಡು."

ಶನಿವಾರ ಸಂಜೆ ಅವರು ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂತರು. ಬಾಂಡ್ಲಿಗಳು ಬರುತ್ತವೆ ಎಂದು. ರಾಮಾಂಜಿ ಬೈಕಿನಲ್ಲಿ ಹೋದ, ಕೈ ಎತ್ತಿದ. ಇನ್ನಿಬ್ಬರು ಓವರ್‌ಟೈಮಿಗೆ ಹೊರಟವರು "ಏನಣ್ಣ ಆರಾಮಾ?" ಎಂದರು. ದೀಪ ಹಚ್ಚುವ ಹೊತ್ತಾಯಿತು. ನಮ್ಮ ಬಾಗಿಲಲ್ಲಿ ಇದ್ದದ್ದು ನಮ್ಮದೇ ಒಂದು ಬಾಂಡ್ಲಿ. ಅವರು ಎದ್ದು ಒಳಗೆ ಬಂದು ಮಲಗಿದರು. ನಾನು ನಲವತ್ತು ಜನಕ್ಕೆ ಅಕ್ಕಿ ನೆನೆಹಾಕಿದೆ. ಬೇಡ ಎಂದೂ ಅವರು ಹೇಳಲಿಲ್ಲವಲ್ಲ.

ಬೆಳಿಗ್ಗೆ ಮಿಕ್ಸರ್ ಬಂತು. ಇದ್ದವರು ತಾತ, ನಿಮ್ಮಪ್ಪ ಲೋಕೇಶ, ನಿಮ್ಮಪ್ಪನ ತಮ್ಮ, ನಾನು. ನಿಮ್ಮಮ್ಮನನ್ನು ಬಾಗಿಲಲ್ಲಿ ಕೂರಿಸಿದ್ದೆವು. ಮಿಶಿನ್ ತಿರುಗಿದ್ದೇ ಎದುರು ಮನೆಯ ಸೆಲ್ವಿ ಸೀರೆ ಎತ್ತಿ ಸಿಕ್ಕಿಸಿಕೊಂಡು ಗಂಡನನ್ನೂ ಎಳೆದುಕೊಂಡು ಬಂದಳು. "ಸೌಂಡ್ ಕೇಳ್ತು ಅಕ್ಕಾ, ಬಂದ್ಬಿಟ್ಟೆ!" ಎಂದಳು. ತಾತನ ಮುಖ ಅರಳಿತು. "ನೋಡ್ದಾ? ಬತ್ತಾರೆ. ಒಬ್ಬೊಬ್ರೇ ಬತ್ತಾರೆ," ಎಂದು ನನಗೆ ಹೇಳಿ ಮೊದಲ ಬಾಂಡ್ಲಿ ಸುರಿದರು.

ಯಾರೂ ಬರಲಿಲ್ಲ. ಆರು ಜನ ಹನ್ನೆರಡು ಗಂಟೆಯವರೆಗೆ ದುಡಿದೆವು. ಪೂರ್ವದಿಕ್ಕಿನ ಅರ್ಧ ತಾರಸಿ ಆಯಿತು. ಅಲ್ಲಿಗೆ ತಾತನ ಬೆರಳುಗಳು ಮಡಚಿಕೊಂಡು ಬಿಚ್ಚದಾದವು. ಲೋಕೇಶ ಸೊಂಟ ಹಿಡಿದು ಕೂತ. ಮಿಕ್ಸರಿನವನು ಮಿಶಿನ್ ನಿಲ್ಲಿಸಿದ.

"ಯಜಮಾನ್ರೇ, ಆಳಿಲ್ದೆ ನಾನ್ ಯಾರಿಗ್ ಕಲಸ್ಲಿ? ಮಾಲು ಡ್ರಮ್ಮಲ್ಲೇ ಕಲ್ಲಾಗ್ತದೆ. ಲೇಬರ್ ಕರೀರಿ, ಇಲ್ಲಾ ನಾನು ಹೊರಟೆ. ಆಮೇಲೆ ಆ ಅಂಚು ಗಟ್ಟಿಯಾದ್ರೆ ಹೊಸದು ಹಳೇದು ಸೇರಲ್ಲ. ಜಾಯಿಂಟ್ ಬೀಳ್ತದೆ, ಸಾಯೋವರೆಗೆ ಸೋರ್ತದೆ."

ತಾತ ಆ ಅಂಚನ್ನೇ ನೋಡುತ್ತ ನಿಂತರು. ಪಾಕ ಕಂಡವರು, ಅವರಿಗೆ ಗೊತ್ತಿಲ್ಲವೇ? ಅದು ಗಳಿಗೆ ಗಳಿಗೆಗೂ ಬಿಗಿಯುತ್ತಿತ್ತು. "ಕರೀರಿ ಮಾವ," ಎಂದ ಲೋಕೇಶ. ಅವರು ಕದಲಲಿಲ್ಲ.

ನಾನು ಬಾಂಡ್ಲಿ ಕೆಳಗಿಟ್ಟೆ. ಕೈ ತೊಳೆಯಲೂ ಇಲ್ಲ.

ಆ ರಸ್ತೆಯಲ್ಲಿ ಅಷ್ಟು ವರ್ಷದಲ್ಲಿ ನಾನು ಯಾರ ಬಾಗಿಲನ್ನೂ ತಟ್ಟಿದವಳಲ್ಲ. ಮೊದಲು ರಾಮಾಂಜಿಯ ಮನೆ. ಭಾನುವಾರದ ಕೋಳಿ ಸಾರು, ತಟ್ಟೆಯ ಮುಂದೆ ಕೂತಿದ್ದ. ನನ್ನನ್ನು ನೋಡಿ ಗಾಬರಿಯಾದ. "ಯಾಕಕ್ಕಾ, ಯಾರ್ಗೇನಾಯ್ತು?"

ಕೂಗಿದೆನೋ ಅತ್ತೆನೋ ಗೊತ್ತಿಲ್ಲ. "ನಿಮ್ಮ ಮೋಲ್ಡಿಗೆ ಅವರು ಬಂದಿದ್ರು. ಇವತ್ತು ನಮ್ಮದು. ಬನ್ನಿ."

"ಅಯ್ಯೋ, ಇವತ್ತಾ? ಕಂಟ್ರಾಕ್ಟ್ ಕೊಟ್ಟಿದ್ದೀರ ಅಂದ್ಕೊಂಡೆ! ಮರಿಯಣ್ಣ ನಿನ್ನೆ ಬಾಗ್ಲಲ್ಲೇ ಕೂತಿದ್ರು, ಒಂದ್ ಮಾತು..." ಎಂದು ಎಂಜಲು ಕೈಯಲ್ಲೇ ಎದ್ದ. "ಹೇಳೋದಲ್ವಾ ಅಕ್ಕಾ!"

ಎರಡನೆಯ ಮನೆಯಲ್ಲಿ ಅದೇ ಮಾತು. ಮೂರನೆಯ ಮನೆಯವನು ಟಿ.ವಿ.ಯಿಂದ ಕಣ್ಣು ತೆಗೆಯದೆ, "ಇವಾಗೆಲ್ಲಾ ಯಾರಕ್ಕಾ ಹಂಗ್ ಮಾಡ್ತಾರೆ, ಲಿಫ್ಟ್ ಮಿಶಿನ್ ಬಂದಿದೆಯಲ್ಲ," ಎಂದ. ಅವನ ತಾರಸಿಗೆ ತಾತ ಹೊತ್ತದ್ದು ನನಗೆ ನೆನಪಿತ್ತು. ಅವನಿಗೂ ಹೇಳಿದೆ. ಅವನು ಬರಲಿಲ್ಲ, ಅವನ ಹೆಂಡತಿ ಬಂದಳು. ಹನ್ನೊಂದು ಬಾಗಿಲು ತಟ್ಟಿದೆ. ಕೊನೆಕೊನೆಗೆ ನನ್ನ ಧ್ವನಿ ನನಗೇ ಗುರುತು ಸಿಗಲಿಲ್ಲ, ಮುನಿಯಮ್ಮನ ಧ್ವನಿಯ ಹಾಗಿತ್ತು.

ಎರಡೂವರೆಗೆ ಮಿಶಿನ್ ಮತ್ತೆ ತಿರುಗಿತು. ಹದಿನೇಳು ಜನ. ನಗು, ಕೇಕೆ. "ಬೇಗ ಬೇಗ ಮಚ್ಚಾ, ಮರಿಯಣ್ಣ ಪಾಕ ನೋಡ್ತವ್ರೆ!" ಎಂದು ಒಬ್ಬ ಕೂಗಿದ. ತಾತ ಕೆಲಸ ಬಿಡಲಿಲ್ಲ. ಕಾಂಕ್ರೀಟು ಕಾಯುವುದಿಲ್ಲವಲ್ಲ. ಆದರೆ ಕಡ್ಡಿಯಿಂದ ಎತ್ತಿ ಪಾಕ ನೋಡಲಿಲ್ಲ. ಆ ಅಂಚಿನ ಮೇಲೆ ಸಿಮೆಂಟು ಹಾಲು ಸುರಿದು ಸೇರಿಸಲು ನೋಡಿದರು. ಸೇರಲಿಲ್ಲ. ಗೂಡಂಗಡಿಯ ದೀಪ ಹತ್ತುವ ಹೊತ್ತಿಗೆ ಮೋಲ್ಡ್ ಮುಗಿಯಿತು. ಊರಿನ ಬೆಲ್ಲ ತರಿಸಿ ಮಾಡಿದ್ದ ಪಾಯಸವನ್ನು ಕೋಳಿ ತಿಂದ ಬಾಯಲ್ಲೇ ಎಲ್ಲರೂ ಕುಡಿದು, ಸಕ್ಕತ್ತಾಗಿದೆ ಎಂದು ಹೊಗಳಿ ಹೋದರು.

ಎಲ್ಲ ಹೋದ ಮೇಲೆ ತಾತ ಕೇಳಿದರು. "ಯಾರ್ಯಾರ್ ಮನೇಗ್ ಓಗಿದ್ದೆ?"

"ಎಲ್ಲರ ಮನೆಗೂ."

"ಬಾಯ್ಬುಟ್ ಕೇಳ್ದಾ?"

"ಕೇಳಿದೆ. ಬಂದ್ರಲ್ಲ?"

"ಕೇಳ್ದ ಮ್ಯಾಲೆ ಅದು ಮುಯ್ಯಲ್ಲ ಕನಮ್ಮಿ. ಬಿಕ್ಷ."

ಇಷ್ಟು ವರ್ಷ ಬೇರೆಯವರಿಗೆ ಹೊತ್ತದ್ದನ್ನೆಲ್ಲ ಒಂದೇ ಮಾತಿನಲ್ಲಿ ಕಳೆದುಕೊಂಡರು. ಅವರು ಕಳೆದುಕೊಂಡದ್ದಲ್ಲ, ನಾನು ಕಳೆದೆ ಎಂಬಂತೆ ನೋಡಿದರು. ಅವರು ಬೈದಿದ್ದರೆ ಜಗಳವಾಡಿ ಮುಗಿಸಬಹುದಿತ್ತು. ಬೈಯಲಿಲ್ಲ.

ಮನೆ ಮುಗಿದು ಒಳಗೆ ಬಂದಾಗ ಅವರು ಮಂಚವನ್ನು ಪೂರ್ವದ ಅರ್ಧದ ಕೆಳಗೆ ಹಾಕಿಕೊಂಡರು. ಸೆಲ್ವಿ ಕರೆಯದೆ ಬಂದು ಹೊತ್ತ ಅರ್ಧ ಅದು. ನಾನು ಹಟಕ್ಕೆ ನನ್ನ ಹಾಸಿಗೆಯನ್ನು ಪಶ್ಚಿಮದ ಅರ್ಧಕ್ಕೆ ಹಾಕಿದೆ. ನಾನು ಬಾಗಿಲು ತಟ್ಟಿ ತಂದ ಅರ್ಧ. ಮೊದಲ ಮಳೆಗೆ ನಡುವೆ ಗೆರೆ ಮೂಡಿತು, ತೊಟ್ಟಿಕ್ಕಿತು. ಬಕೆಟ್ ಇಟ್ಟೆ. ಒಂಬತ್ತು ವರ್ಷ ಆ ಬಕೆಟ್ಟಿನ ಆಚೆ ಅವರು, ಈಚೆ ನಾನು. ಮಾತಿಗೆ ಕೊರತೆಯಿರಲಿಲ್ಲ. ನಿಮ್ಮನ್ನು ಆಡಿಸಿದರು, ಮಾರ್ಕೆಟ್ಟಿಗೆ ಹೋದರು, ಲೇಔಟಿಗೆ ನೀರಿನ ಪೈಪು ಬರುವಾಗ ಎಲ್ಲರಿಗಿಂತ ಮೊದಲು ಗುದ್ದಲಿ ಹಿಡಿದರು. ಆದರೆ ಮತ್ತೆ ಯಾರ ಬಾಗಿಲಿಗೂ ಬಾಂಡ್ಲಿ ಇಡಲಿಲ್ಲ. ಅದನ್ನು ಅಟ್ಟಕ್ಕೆ ಹಾಕಿದರು.

ಹೋದ ವರ್ಷ ಅವರ ಸೊಂಟದ ಶಕ್ತಿ ಹೋಗಿ ಮಂಚ ಹಿಡಿದದ್ದು ನಿಮಗೆ ನೆನಪಿದೆ. ಒಂದು ಮಧ್ಯಾಹ್ನ ನೀವು ಶಾಲೆಯಲ್ಲಿದ್ದಿರಿ. ಅವರ ತುಟಿ ಒಣಗಿತ್ತು. ಎದ್ದು ಹೋಗಿ ಒಲೆಯ ಪಕ್ಕ ಲೋಟ ಇಡಲು ಈಗ ಆಗುವುದಿಲ್ಲ. ಅವರು ನೀರಿನ ಹೂಜಿಯನ್ನು ನೋಡಿದರು, ನನ್ನನ್ನು ನೋಡಿದರು. ನನಗೆ ಗೊತ್ತಾಯಿತು. ಲೋಟ ತುಂಬಿಸಿದೆ. ಕೈಯಲ್ಲೇ ಹಿಡಿದುಕೊಂಡು ಪಕ್ಕದಲ್ಲಿ ಕೂತೆ.

"ಕೇಳಿ. ಬಾಯಿ ಬಿಟ್ಟು ಕೇಳಿ, ಕೊಡ್ತೀನಿ," ಎಂದೆ.

ಇದನ್ನು ಬರೆಯದೆ ಬಿಡಬಹುದಿತ್ತು. ಬಿಟ್ಟರೆ ಉಳಿದದ್ದೆಲ್ಲ ಬರೆದು ಪ್ರಯೋಜನವಿಲ್ಲ. ಕಾಯಿಲೆಯ ಮನುಷ್ಯನ ಮುಂದೆ ನೀರು ಹಿಡಿದು ಕೂತಿದ್ದೆ ನಾನು. ಅವರು ಬಹಳ ಹೊತ್ತು ಮೇಲಿನ ಗೆರೆಯನ್ನು ನೋಡುತ್ತಿದ್ದರು. ಹೊರಗೆ ಸೊಪ್ಪಿನವಳು ಕೂಗಿಕೊಂಡು ಹೋದಳು. ಆಮೇಲೆ ಹೇಳಿದರು:

"ಒಸಿ ನೀರ್ ಕೊಡಮ್ಮಿ."

ಕೊಟ್ಟೆ. ಕುಡಿದು, ಬಾಯಿ ಒರೆಸಿಕೊಂಡು, ಕಣ್ಣಿನಲ್ಲೇ ನಕ್ಕರು. "ಕೇಳಾಯ್ತಲ್ಲ. ಸಮಾದಾನ್ವಾ?"

ಸಮಾಧಾನವಾಗಲಿಲ್ಲ. ಒಂಬತ್ತು ವರ್ಷ ಕಾದಿದ್ದ ಮಾತು ಅದು, ಕೈಗೆ ಬಂದಾಗ ಅದರಲ್ಲಿ ಏನೂ ಇರಲಿಲ್ಲ. ಆ ದಿನ ನನ್ನ ಹಾಸಿಗೆಯನ್ನು ಬಕೆಟ್ಟಿನ ಆಚೆಗೆ ಎಳೆದುಕೊಂಡೆ. ಅದಾದ ಮೇಲೆ ಅವರು ಇದ್ದದ್ದು ಇಪ್ಪತ್ತು ದಿನ.

ತಿಥಿಗೆ ಲೇಔಟಿಗೆ ಲೇಔಟೇ ಬಂತು. ರಸ್ತೆಯ ತಿರುವಿನಲ್ಲಿ ಫ್ಲೆಕ್ಸ್ ಕಟ್ಟಿದರು, 'ಸಮಾಜ ಸೇವಕರು' ಎಂದು ಬರೆಸಿ. ತಾತ ನೋಡಿದ್ದರೆ ಇದು ಯಾರಪ್ಪಾ ಎಂದು ಕೇಳುತ್ತಿದ್ದರು. ಊಟವಾದ ಮೇಲೆ ರಾಮಾಂಜಿ ಪಕ್ಕದಲ್ಲಿ ಕೂತು, "ಪಾಪ, ಮರಿಯಣ್ಣಂಗೆ ಮರೆವು. ಪ್ರತಿ ಶನಿವಾರ ಬಾಂಡ್ಲಿ ಬಿಟ್ಟು ಹೋಗೋರು," ಎಂದ. ನಾನು ಮೊದಲ ಸಲ ಬಾಯಿ ಬಿಟ್ಟೆ. ಮಚ್ಚು, ಜಗಲಿ, ನೆನೆಹಾಕುವ ಅಕ್ಕಿ, ಎಲ್ಲವನ್ನೂ ಹೇಳಿದೆ. ಆ ಶನಿವಾರ ಅವರು ಸ್ಟೂಲಿನ ಮೇಲೆ ಯಾಕೆ ಕೂತಿದ್ದರು ಎಂಬುದನ್ನೂ ಹೇಳಿದೆ. ರಾಮಾಂಜಿ ಕೈಯಲ್ಲಿದ್ದ ಎಲೆ ಅಡಿಕೆಯನ್ನು ಬಾಯಿಗೆ ಹಾಕಲಿಲ್ಲ.

"ನಾನ್ ಬೈಕಲ್ಲಿ ಕೈ ಎತ್ತಿ ಹೋದ್ನಲ್ಲಕ್ಕಾ," ಎಂದ. ಎಲೆ ಅಡಿಕೆಯನ್ನು ತಟ್ಟೆಗೆ ಹಿಂದಕ್ಕಿಟ್ಟು, ಸಣ್ಣಗೆ, "ಹೇಳೋದಲ್ವಾ?"

ಈ ಸಲ ನನಗೆ ಅವನ ಮೇಲೆ ಸಿಟ್ಟು ಬರಲಿಲ್ಲ.

ಮೊನ್ನೆ ಕೊಪ್ಪಲಿಗೆ ಹೋಗಿದ್ದೆ. ಭಾವನ ಮನೆಯಲ್ಲಿ ಊಟಕ್ಕೆ ಕೂತಾಗ "ಇನ್ನೊಂದು ಸೌಟು ಸಾರು ಹಾಕಮ್ಮ" ಎಂದೆ. ಬಡಿಸುತ್ತಿದ್ದವಳು ನನ್ನನ್ನೇ ನೋಡಿದಳು. "ಬೆಂಗ್ಳೂರ್ ಬಾಯಿ ಬಂದದೆ ನಿಮ್ಗೆ," ಎಂದು ಯಾರೋ ನಕ್ಕರು. ಅಲ್ಲಿ ನಾನು ಬೆಂಗಳೂರಿನವಳು. ಇಲ್ಲಿ ಲೇಔಟಿನ ಹುಡುಗರು ನನ್ನನ್ನು ಮಂಡ್ಯದಜ್ಜಿ ಎನ್ನುತ್ತಾರೆ. ಅಲ್ಲಿನವರಿಗೆ ನನ್ನ ಬಾಯಿ ಹೆಚ್ಚಾಯಿತು, ಇಲ್ಲಿನವರಿಗೆ ಇನ್ನೂ ಸಾಲದು.

ಮುಂದಿನ ಬೇಸಿಗೆಗೆ ನಿಮ್ಮಪ್ಪ ಅಮ್ಮ ಈ ಮನೆ ಒಡೆದು ಮೂರು ಅಂತಸ್ತು ಕಟ್ಟುವವರಿದ್ದಾರೆ. ನಾನು ಬೇಡ ಎಂದಿಲ್ಲ. ಪಂಪಿನಲ್ಲಿ ಕಾಂಕ್ರೀಟು ಬರುತ್ತದಂತೆ, ಒಂದು ಗಂಟೆಯ ಕೆಲಸವಂತೆ, ಯಾರೂ ಬರಬೇಕಿಲ್ಲವಂತೆ. ಒಡೆಯುವ ಮೊದಲು ಆ ಗೆರೆಯ ಕೆಳಗೆ ನಿಂತು ಒಮ್ಮೆ ಮೇಲೆ ನೋಡಿ. ಪೂರ್ವದ ಕಡೆ ನಿಮ್ಮ ತಾತನ ಊರು, ಪಶ್ಚಿಮದ ಕಡೆ ನಾನು ಕಲಿತ ಊರು. ನೀರು ಸೋರಿದ್ದು ಎರಡರ ನಡುವೆ.

ಬಾಂಡ್ಲಿ ಅಟ್ಟದಲ್ಲಿದೆ. ಗುಜರಿಗೆ ಹಾಕಬೇಡಿ. ಮೋಲ್ಡಿನ ಹಿಂದಿನ ಶನಿವಾರ ಸಂಜೆ ಅದನ್ನು ತೊಳೆದು ಬಾಗಿಲಲ್ಲಿ ಬೋರಲು ಹಾಕಿ. ಆಮೇಲೆ ಇಬ್ಬರೂ ಚಪ್ಪಲಿ ಮೆಟ್ಟಿಕೊಂಡು ಸೆಲ್ವಿಯ ಮನೆಗೆ, ರಾಮಾಂಜಿಯ ಮನೆಗೆ ಹೋಗಿ, ನಾಳೆ ನಮ್ಮ ಮೋಲ್ಡು, ಬನ್ನಿ ಎಂದು ಬಾಯಲ್ಲೂ ಹೇಳಿ. ಪಾಯಸಕ್ಕೆ ಊರಿನ ಬೆಲ್ಲವೇ ಆಗಲಿ.

ಇನ್ನೊಂದು ಮಾತು. ಈ ಹಾಳೆಗಳನ್ನು ದಿಂಬಿನ ಕೆಳಗೆ ಇಟ್ಟು, ನೀವೇ ನೋಡಿ ಎತ್ತಿಟ್ಟುಕೊಳ್ಳುತ್ತೀರಿ ಎಂದು ಸುಮ್ಮನಿರಬಹುದಿತ್ತು. ನಿಮ್ಮ ತಾತನಾಗಿದ್ದರೆ ಹಾಗೇ ಮಾಡುತ್ತಿದ್ದರು. ನಾನು ಬಾಯಿ ಬಿಟ್ಟು ಕೇಳುತ್ತಿದ್ದೇನೆ. ಇವನ್ನು ಮಳೆ ನೀರು ತಾಗದ ಕಡೆ ಜೋಪಾನವಾಗಿ ಇಡಿ, ಮಕ್ಕಳೇ.